ಕಮಲಾಬಾಯಿ ತಂದ ಕೇಸು

"ಎಲ್ಲಾರದೂ ಆತು, ನಿಮ್ಮದೊಂದ ಉಳದೈತಿ ನೋಡ್ರಿ ಅಕ್ಕೋರ," ಎಂದರು ಹೆಡ್ ಮಾಸ್ತರ ಧರೆಪ್ಪನವರು, ಉಳಿದ ಮಾಸ್ತರರೆಲ್ಲ ಕೇಳುವ ಹಾಗೆ. "ಮಾರ್ಚ್ ಒಳಗ ಒಂದರೆ ಕೇಸ್ ಕೊಡ್ರಿ. ಇಲ್ಲಂದ್ರ ಮ್ಯಾಲಿನವರಿಗೆ ನಾ ಏನಂತ ಹೇಳ್ಲಿ?"

ಕೇಸು ಅಂದರೆ ಕುಟುಂಬ ಯೋಜನೆಯ ಆಪರೇಶನ್ನಿಗೆ ಒಪ್ಪಿಸಿ ಕರೆತಂದ ಹೆಂಗಸು. ಅದು ೧೯೮೭ರ ಜನವರಿ. ಆಗ ಮಾಸ್ತರು, ತಲಾಠಿ, ಗ್ರಾಮಸೇವಕ, ನರ್ಸು ಎಲ್ಲರ ತಲೆಯ ಮೇಲೂ ಟಾರ್ಗೆಟ್ ಇತ್ತು. ಕಮಲಾಬಾಯಿ ಪಾಠ ಹೇಳುತ್ತಿದ್ದದ್ದು ರಾಯಬಾಗ ತಾಲೂಕಿನ ಒಂದು ಊರಿನ ಶಾಲೆಯಲ್ಲಿ. ಮದುವೆಯಾಗಿ ಆರು ವರ್ಷವಾಗಿತ್ತು. ಗಂಡ ಮುರಗೆಪ್ಪ ಚಿಕ್ಕೋಡಿಯ ತಹಶೀಲ್ದಾರ ಕಚೇರಿಯಲ್ಲಿ ಕ್ಲಾರ್ಕ್. ಇವಳು ಊರಲ್ಲಿ ಒಂದು ಖೋಲಿ ಹಿಡಿದುಕೊಂಡು, ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಚಿಕ್ಕೋಡಿಗೆ ಹೋಗಿ, ಸೋಮವಾರ ಬೆಳಿಗ್ಗೆ ತಿರುಗಿ ಬರುತ್ತಿದ್ದಳು. ಮಕ್ಕಳಾಗಿರಲಿಲ್ಲ. "ಗಂಡ ಒಂದ ಕಡೆ, ಹೆಂಡ್ತಿ ಒಂದ ಕಡೆ ಇದ್ರ ಕೂಸ ಎಲ್ಲಿಂದ ಬರಬೇಕು?" ಎಂದು ಅತ್ತೆ ಪ್ರತಿ ಭಾನುವಾರ ಅನ್ನುತ್ತಿದ್ದಳು. ಆ ಮಾತಿಗೆ ಎದುರಾಡುವಂಥದ್ದು ಏನೂ ಇರಲಿಲ್ಲ.

ಮೀಟಿಂಗ್ ಮುಗಿದ ಮೇಲೆ ಧರೆಪ್ಪನವರು ದನಿ ತಗ್ಗಿಸಿದರು. "ನಿಮ್ಮ ಚಿಕ್ಕೋಡಿ ಬದಲಿ ಅರ್ಜಿ ನನ್ನ ಕಡೇನ ಐತಿ. ಶಿಫಾರಸು ಬರಿಯಾಕ ನನಗೇನ ತ್ರಾಸ ಇಲ್ಲ. ಒಂದ ಕೇಸ್ ತರ್ರಿ, ಬರದ ಕಳಸ್ತೀನಿ."

ಊರಿನೊಳಗಿನ ಹೆಂಗಸರನ್ನು ಉಳಿದ ಮಾಸ್ತರರು, ನರ್ಸಬಾಯಿ ಭೀಮಾಬಾಯಿ ಆಗಲೇ ಹಂಚಿಕೊಂಡು ಮುಗಿಸಿದ್ದರು. ಉಳಿದದ್ದು ಮಡ್ಡಿ. ಊರಿನ ಕಬ್ಬು, ದ್ರಾಕ್ಷಿಯ ಹೊಲಗಳನ್ನು ದಾಟಿ ಮೇಲೇರಿದರೆ ಬರೀ ಕಲ್ಲು, ಜಾಲಿ, ಒಣ ಹುಲ್ಲು. ಅಲ್ಲಿ ಕುರಿ ಸಾಕುವವರ ಇಪ್ಪತ್ತು ಇಪ್ಪತ್ತೈದು ಮನೆಗಳು. ದೀಪಾವಳಿ ಮುಗಿದೊಡನೆ ಗಂಡಸರು, ನಡೆಯಬಲ್ಲ ಹೆಂಗಸರು ಹಿಂಡು ಹೊಡೆದುಕೊಂಡು ಕೃಷ್ಣೆಯ ದಂಡೆಗೆ, ಅಂಕಲಿಯ ಕಡೆಗೆ ಇಳಿದುಬಿಡುತ್ತಿದ್ದರು. ಕಬ್ಬು ಕಡಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ಕೂಡಿಸಿ, ಮಳೆ ಬರುವ ಹೊತ್ತಿಗೆ ತಿರುಗಿ ಬರುತ್ತಿದ್ದರು. ಮಡ್ಡಿಯ ಮೇಲೆ ಉಳಿಯುವವರು ಮುದುಕರು, ಬಸುರಿಯರು, ಬಾಣಂತಿಯರು, ಮಕ್ಕಳು.

ಶಾಲೆ ಬಿಟ್ಟ ಮೇಲೆ ಕಮಲಾಬಾಯಿ ಚಿತ್ರದ ಪಟವೊಂದನ್ನು ಸುರುಳಿ ಸುತ್ತಿಕೊಂಡು ಮಡ್ಡಿ ಏರತೊಡಗಿದಳು. ಪಟದಲ್ಲಿ ನಗುವ ಗಂಡ, ನಗುವ ಹೆಂಡತಿ, ಇಬ್ಬರು ಮಕ್ಕಳು, ಮೂಲೆಯಲ್ಲಿ ಕೆಂಪು ತ್ರಿಕೋನ. ಹೆಂಗಸರು ಪಟ ನೋಡಿ ಆ ಹೆಂಡತಿಯ ಸೀರೆಯ ಬಣ್ಣದ ಬಗ್ಗೆ ಮಾತಾಡಿದರು. ಒಬ್ಬಳು ಕೇಳಿಯೇಬಿಟ್ಟಳು: "ನಿಮಗೆಷ್ಟ ಮಕ್ಕಳ್ರಿ ಅಕ್ಕೋರ?"

"ಇನ್ನೂ ಇಲ್ಲ."

"ಒಂದೂ ಇಲ್ಲದಾಕಿ ನಮಗ ಸಾಕ ಮಾಡ್ರಿ ಅಂತ ಹೇಳಾಕ ಬಂದಾಳ ನೋಡ್ರಬೇ!"

ನಗೆ ಎದ್ದಿತು. ಕಮಲಾಬಾಯಿಯೂ ನಕ್ಕಳು. ಇಳಿಯುವಾಗ ದಾರಿಯಲ್ಲಿ ಪಟವನ್ನು ಜಾಲಿಯ ಪೊದೆಯೊಳಗೆ ಎಸೆದುಬಿಡಬೇಕು ಅನ್ನಿಸಿತು. ಎಸೆಯಲಿಲ್ಲ, ಅದು ಸರಕಾರದ್ದು.

ಮೂರನೆಯ ಸಲ ಹೋದಾಗ ಬಾವಿಯ ಹತ್ತಿರ ಒಬ್ಬ ಹೆಂಗಸು ಅವಳನ್ನು ತಡೆದಳು. ಇಪ್ಪತ್ತೆಂಟು ಮೂವತ್ತರ ವಯಸ್ಸು, ಬಗಲಲ್ಲಿ ಒಂದು ಕೂಸು, ಸೆರಗು ಹಿಡಿದ ಇನ್ನೊಂದು. "ನಾ ಸತ್ತೆವ್ವರಿ, ಮಾಳಸಿದ್ದನ ಹೆಂಡ್ತಿ. ನಮ್ಮ ಹುಡುಗಿ ನಿಮ್ಮ ಸಾಲಿಗೆ ಬರ್ತಾಳ. ನನಗ ಆ ಆಪರೇಶನ್ ಬೇಕಾಗೈತ್ರಿ. ಐದ ಆಗ್ಯಾವ. ನಮ್ಮತ್ತಿ ಒಲ್ಲೆ ಅಂತಾಳ. ಆಕಿ ಒಬ್ಬಾಕಿನ್ನ ನೀವು ಒಪ್ಪಸ್ರಿ."

ಕಮಲಾಬಾಯಿಗೆ ಅಲ್ಲೇ ನಿಂತು ಅವಳ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಬೇಕು ಅನ್ನುವವಳೇ ಸಿಕ್ಕಿದ ಮೇಲೆ ಇನ್ನೇನು ಕಷ್ಟ? ಅತ್ತೆ ದುಂಡವ್ವನನ್ನು ಒಂದು ದಿನದಲ್ಲಿ ಒಪ್ಪಿಸಿಬಿಡಬಹುದು ಎಂದುಕೊಂಡಳು.

ದುಂಡವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದಳು. ಮಾತೆಲ್ಲ ಕೇಳಿದಳು. "ಆಪರೇಶನ್ ಆದ ಹೆಂಗಸಿಗೆ ಸೊಂಟಾ ಹಿಡಿತೈತಿ. ಕೊಡಾ ಎತ್ತಾಕ ಬರಾಂಗಿಲ್ಲ. ಆಮ್ಯಾಲ ನೀರ ನೀವ ತಂದ ಹಾಕ್ತೀರಿ?"

"ಹಂಗೇನ ಆಗಾಂಗಿಲ್ಲ ಆಯಿ. ಎಂಟ ದಿನ ವಿಶ್ರಾಂತಿ ತಗೊಂಡ್ರ ಸಾಕು, ಮೊದಲಿನ್ಹಂಗ ದುಡಿಬಹುದು."

"ನನ್ನ ಮಗನ್ನ ಕೇಳ್ರಿ. ನನಗೇನ ಗೊತ್ತು."

ಮಗ ಮಾಳಸಿದ್ದ ಜೋಳ ಒಯ್ಯಲು ಒಂದು ದಿನ ಮಡ್ಡಿಗೆ ಬಂದಾಗ ಕಮಲಾಬಾಯಿ ಶಾಲೆ ಬಿಟ್ಟೊಡನೆ ಏದುಸಿರು ಬಿಡುತ್ತ ಓಡಿದಳು. ಮಾಳಸಿದ್ದ ಬಹಳ ಮರ್ಯಾದೆಯಿಂದ ಮಾತಾಡಿದ. "ಬರೋಬರಿ ಐತ್ರಿ ನೀವ ಹೇಳೂದು. ಐದ ಮಕ್ಕಳು ಅಂದ್ರ ಸಣ್ಣ ಮಾತಲ್ರಿ. ಆದ್ರ ಮನಿ ಹಿರೇರು ಅವ್ವ. ಅವ್ವಗ ಕೇಳ್ರಿ."

"ಅವ್ವ ನಿನ್ನ ಕೇಳ್ರಿ ಅಂತಾಳಪಾ."

"ಅಂತಾಳ್ರಿ. ಖರೆ ಅವ್ವ ಒಲ್ಲೆ ಅಂದಿದ್ದ ನಾ ಹೆಂಗ ಮಾಡ್ಲಿ?"

ಹೀಗೆ ಫೆಬ್ರುವರಿ ಹಿಡಿಯಿತು. ಕಮಲಾಬಾಯಿ ಹೋದಾಗೆಲ್ಲ ದುಂಡವ್ವನ ಹತ್ತಿರ ಒಂದು ಹೊಸ ಕಾರಣ ಇರುತ್ತಿತ್ತು. ಸೊಂಟದ ಮಾತು ಮುಗಿದರೆ ದೇವರ ಮಾತು. ಅದು ಮುಗಿದರೆ, ಐದರಲ್ಲಿ ಗಂಡು ಎರಡೇ, ಒಂದಕ್ಕೇನಾದರೂ ಆದರೆ ಅನ್ನುವ ಮಾತು. ಒಂದನ್ನು ಕಮಲಾಬಾಯಿ ಬಿಡಿಸಿದರೆ ಮುದುಕಿ ಅದನ್ನು ಅಲ್ಲಿಯೇ ಬಿಟ್ಟು ಇನ್ನೊಂದನ್ನು ಹಿಡಿಯುತ್ತಿದ್ದಳು. ನರ್ಸಬಾಯಿಯನ್ನೂ ಒಮ್ಮೆ ಕರೆದುಕೊಂಡು ಹೋಗಿ ಡಾಕ್ಟರರ ಮಾತು ಹೇಳಿಸಿದ್ದಾಯಿತು. ಸತ್ತೆವ್ವ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳೇ ಹೊರತು ಒಂದು ಮಾತೂ ಆಡುತ್ತಿರಲಿಲ್ಲ. ಅದಕ್ಕೂ ಕಮಲಾಬಾಯಿಗೆ ಸಿಟ್ಟು ಬರುತ್ತಿತ್ತು. ಬೇಕಾದವಳು ಬಾಯಿ ಬಿಡುವುದಿಲ್ಲ, ಬೇಡವಾದವರು ಬಾಯಿ ಮುಚ್ಚುವುದಿಲ್ಲ.

ರಾಯಬಾಗದ ಆಪರೇಶನ್ ಕ್ಯಾಂಪಿಗೆ ಇನ್ನೊಂದು ವಾರ ಇತ್ತು. ಅವತ್ತು ಬಿಸಿಲು ಜೋರಾಗಿತ್ತು, ಚಪ್ಪಲಿಯ ಉಂಗುಟ ದಾರಿಯಲ್ಲೇ ಹರಿದಿತ್ತು. ಬರಿಗಾಲಲ್ಲಿ ಬಂದು ಕೂತವಳಿಗೆ ದುಂಡವ್ವ ನೀರು ಕೊಡುವ ಮೊದಲೇ ಶುರುಮಾಡಿದಳು.

"ನೀವೆಲ್ಲಾ ಕೂಡಿ ಬಡವರನ್ನ ಹಿಡದ ಕೊಯ್ತೀರಿ. ದೊಡ್ಡವರ ಮನ್ಯಾಗ ಯಾರಿಗೆ ಕೊಯ್ದೀರಿ ಹೇಳ್ರಿ? ನೀವಿರೂದು ಬಾಬಾಸಾಹೇಬರ ವಾಡೇದಾಗ ಅಲ್ಲ? ಗೌರಾಬಾಯಿ ಸೊಸಿಗೆ ಮಾಡ್ಸ್ರಿ ಮೊದಲ, ಆಮ್ಯಾಲ ನಮ್ಮ ಮಡ್ಡಿ ಹತ್ತರಿ."

"ಆಕೀದು ಆಗೇತ್ರಿ!" ಎಂದುಬಿಟ್ಟಳು ಕಮಲಾಬಾಯಿ. "ದೀಪಾವಳಿ ಮುಂದ ಮಿರಜದಾಗ ಆಗೇತಿ! ಎರಡ ಹೆಣ್ಣಿದ್ರೂ ಮಾಡಿಸ್ಯಾರ!"

ನೂಲುವ ಕೈ ನಿಂತಿತು. "ಖರೇ?"

ಆಡಿದ್ದು ಏನೆಂದು ಕಮಲಾಬಾಯಿಗೆ ಆಗ ಹೊಳೆಯಿತು. ಊರಿನಲ್ಲಿ ದೊಡ್ಡ ಕಬ್ಬಿನ ತೋಟದ ಒಡೆಯರು ಬಾಬಾಸಾಹೇಬರು. ಅವರ ದೊಡ್ಡ ಮನೆಗೇ ವಾಡೆ ಅನ್ನುತ್ತಿದ್ದರು, ಅದರ ಹಿಂದಿನ ಖೋಲಿಯಲ್ಲೇ ಅವಳು ಇದ್ದದ್ದು. ಸೊಸೆ ಸಕ್ಕುಬಾಯಿ ಎರಡನೆಯ ಹೆರಿಗೆಯಲ್ಲಿ ಸಾಯುವ ಹಾಗಾಗಿದ್ದಳು. ಇನ್ನೊಂದು ಬಸಿರು ನಿಂತರೆ ಜೀವಕ್ಕೆ ಅಪಾಯ ಎಂದು ಮಿರಜದ ಡಾಕ್ಟರು ಹೇಳಿದಾಗ ಬಾಬಾಸಾಹೇಬರ ಹೆಂಡತಿ ಗೌರಾಬಾಯಿ ಗಂಡನಿಗಾಗಲಿ ಮಗನಿಗಾಗಲಿ ತಿಳಿಸದೆ, ಹೊಟ್ಟೆಯ ಗಂಟಿನ ಆಪರೇಶನ್ ಎಂದು ಹೇಳಿ ಸೊಸೆಗೆ ಅದನ್ನು ಮಾಡಿಸಿಕೊಂಡು ಬಂದಿದ್ದಳು. ಗುಳಿಗೆಯ ಚೀಟಿ ಓದಿ ಹೇಳುವವರು ಬೇಕಾಗಿ ಕಮಲಾಬಾಯಿಗೆ ಮಾತ್ರ ನಿಜ ಹೇಳಿದ್ದಳು.

"ಆಯಿ, ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ. ನಿಮ್ಮ ಕಾಲ ಬೀಳ್ತೀನಿ."

ದುಂಡವ್ವ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವಳ ಮುಖ ಬೇರೆಯಾಗಿಬಿಟ್ಟಿತ್ತು. "ಮಿರಜದಾಗ! ಸಾವಕಾರ ಮಂದಿ ತಮ್ಮ ಸೊಸಿಗೆ ಮಾಡಿಸ್ತಾರಂದ್ರ ಅದರಾಗ ಏನರೆ ಚಲೋ ಇರಬೇಕು. ಅದಕ್ಕ ಆಕಿ ಮೈಕೈ ತುಂಬಿಕೊಂಡ ಅಡ್ಡಾಡಾಕತ್ತಾಳ. ಮತ್ತ ನಮ್ಮಾಕಿ ಏನ ಕಡಿಮಿ? ಲೇ ಸತ್ತೆವ್ವಾ, ಹೊರಗ ಬಾ. ಯಾವತ್ತ ಐತಂತ ಕೇಳ ಆ ಕ್ಯಾಂಪ."

ಕೇಸು ಸಿಕ್ಕಿತ್ತು. ಕಮಲಾಬಾಯಿಗೆ ಸಂತೋಷವಾಗಬೇಕಿತ್ತು. ಬರಿಗಾಲಲ್ಲಿ ಮಡ್ಡಿ ಇಳಿಯುವಾಗ ಅವಳಿಗೆ ಅಳು ಬಂತು. ಒಂದೂವರೆ ತಿಂಗಳು ಮಕ್ಕಳ ಆರೋಗ್ಯ, ತಾಯಿಯ ಜೀವ, ಹೊಟ್ಟೆಯ ಅನ್ನ ಎಂದು ಗಂಟಲು ಹರಿಯುವ ಹಾಗೆ ಹೇಳಿದ್ದು ಒಂದೂ ನಾಟಲಿಲ್ಲ. ಸಾವಕಾರರ ಸೊಸೆಗೆ ಆಗಿದೆ ಅನ್ನುವ ಒಂದು ಮಾತು ನಾಟಿತು. ಅದೂ ಆಡಬಾರದ ಮಾತು.

ಕ್ಯಾಂಪಿನ ದಿನ ರಾಯಬಾಗಕ್ಕೆ ಹೆಂಗಸರನ್ನು ಒಯ್ಯಲು ಜೀಪು ಬಂತು. ಧರೆಪ್ಪನವರು ರಜೆ ಕೊಡಲಿಲ್ಲ. "ಎರಡನೇ ತಾಸ ಮುಗಿಸಿ ಬಸ್ಸಿಗೆ ಹೋಗ್ರಿ," ಎಂದರು. ಹೀಗಾಗಿ ಸತ್ತೆವ್ವ, ದುಂಡವ್ವ, ಕೂಸು ಎಲ್ಲರೂ ನರ್ಸಬಾಯಿಯ ಜೊತೆ ಜೀಪಿನಲ್ಲಿ ಹೋದರು. ಬಸ್ಸು ಬರುವುದು ತಡವಾಯಿತು. ಕಮಲಾಬಾಯಿ ಕ್ಯಾಂಪಿನ ಅಂಗಳ ಮುಟ್ಟಿದಾಗ ಗುಮಾಸ್ತನೊಬ್ಬ ಮೇಜು ಹಾಕಿಕೊಂಡು ಹೆಸರು ಬರೆಯುತ್ತಿದ್ದ, ಸತ್ತೆವ್ವ ಅವನ ಎದುರಿಗೇ ನಿಂತಿದ್ದಳು.

"ನಿನ್ನ ಯಾರ ಕರಕೊಂಡ ಬಂದ್ರವಾ?" ಎಂದು ಗುಮಾಸ್ತ ಕೇಳಿದ.

"ನನ್ನ ಕೇಸ್ರಿ," ಎಂದಳು ಭೀಮಾಬಾಯಿ.

"ಅಲ್ರಿ, ನನ್ನ ಕೇಸ ಅದು," ಎಂದು ಕಮಲಾಬಾಯಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು. "ಒಂದೂವರಿ ತಿಂಗಳಾತು ನಾ ಇವರ ಮನಿಗೆ ಅಡ್ಡಾಡಾಕ ಹತ್ತಿ. ಬೇಕಾದ್ರ ಆಕಿನ್ನ ಕೇಳ್ರಿ."

ಗುಮಾಸ್ತ ಪೆನ್ನು ಎತ್ತಿ ಹಿಡಿದು ಸತ್ತೆವ್ವನನ್ನೇ ನೋಡಿದ. "ಹೇಳವಾ. ಯಾರ ಕರಕೊಂಡ ಬಂದ್ರು?"

ಸತ್ತೆವ್ವ ಇಬ್ಬರ ಮುಖವನ್ನೂ ನೋಡಿದಳು. "ಯಾರೂ ಅಲ್ರಿ. ನಾನ ಬಂದೀನಿ."

ಸುತ್ತಲಿನವರು ನಕ್ಕರು. "ನಾನ ಬಂದೀನಿ ಅಂತ ಬರಿಯಾಕ ಇಲ್ಲಿ ಜಾಗಾ ಇಲ್ಲವಾ," ಎಂದ ಗುಮಾಸ್ತ. "ಜೀಪಿನ್ಯಾಗ ಯಾರ ಜೋಡಿ ಬಂದಿ?"

"ನರ್ಸಬಾಯಿ ಜೋಡಿ."

ಗುಮಾಸ್ತ ಭೀಮಾಬಾಯಿಯ ಹೆಸರು ಬರೆದುಕೊಂಡ. ಕಮಲಾಬಾಯಿ ಎಷ್ಟು ವಾದ ಮಾಡಿದರೂ ಹಿಂದಿನವರನ್ನು ಕರೆದನೇ ಹೊರತು ಬರೆದದ್ದು ತಿದ್ದಲಿಲ್ಲ. ಆಮೇಲೆ ಭೀಮಾಬಾಯಿ ಬಂದು ಪಕ್ಕದಲ್ಲಿ ಕೂತಳು. "ಸಿಟ್ಟ ಮಾಡಬ್ಯಾಡ್ರಿ ಅಕ್ಕೋರ. ನನಗೂ ಟಾರ್ಗೆಟ್ ಐತಿ. ನಿಮ್ಮದ ಒಂದ ಕಡಿಮಿ ಬಿದ್ರ ನನ್ನದ ಹನ್ನೊಂದ ಕಡಿಮಿ ಬಿದ್ದಾವ." ಕಮಲಾಬಾಯಿ ಅವಳ ಕಡೆ ತಿರುಗಿ ಸಹ ನೋಡಲಿಲ್ಲ.

ವಾಡೆಯ ಸುದ್ದಿ ಅಷ್ಟರಲ್ಲಿ ಮಡ್ಡಿ ಇಳಿದು ಊರು ಸೇರಿತ್ತು. ಕ್ಯಾಂಪು ಮುಗಿದ ನಾಲ್ಕೈದು ದಿನಕ್ಕೆ, ಮುಂಜಾನೆ ಕಮಲಾಬಾಯಿ ಹೊರಡುವ ಹೊತ್ತಿಗೆ ಗೌರಾಬಾಯಿ ಖೋಲಿಯ ಬಾಗಿಲಿಗೆ ಬಂದು ನಿಂತಳು. ಕೂಗಾಡಲಿಲ್ಲ.

"ಅಕ್ಕೋರ, ನಾ ನಿಮ್ಮ ಮುಂದ ಯಾಕ ಹೇಳಿದ್ದೆ, ಗೊತ್ತೈತೇನ್ರಿ?"

"ಕಾಕೂ, ಬಾಯಿ ತಪ್ಪಿ ಹೋತ್ರಿ."

"ಚೀಟಿ ಓದಾಕ ಮಗಾನೂ ಇದ್ದ. ಖರೆ ನೀವು ಕಲತವರು, ಹೆಣ್ಣಮಗಳು, ಸಕ್ಕುನ ಕಷ್ಟಾ ನಿಮಗ ತಿಳಿತೈತಿ ಅಂತ ಹೇಳಿದ್ದೆ. ನಮ್ಮ ಮನಿಯವರು ನಿನ್ನೆ ಕಟ್ಟಿ ಮ್ಯಾಲ ಮಂದಿ ಬಾಯಾಗ ಕೇಳ್ಕೊಂಡ ಬಂದ್ರು. ನನ್ನ ಜೋಡಿ ಮಾತ ಬಿಟ್ಟಾರ. ಮಗ ಸಕ್ಕುನ ತವರಿಗೆ ಐನಾಪುರಕ್ಕ ಕಳಸ್ಯಾನ. ಅಕೀದೇನ ತಪ್ಪ ಇತ್ರಿ ಇದರಾಗ?" ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಈ ತಿಂಗಳ ಆದ ಮ್ಯಾಲ ಬ್ಯಾರೆ ಖೋಲಿ ನೋಡ್ಕೋರಿ."

ಅದೇ ದಿನ ಧರೆಪ್ಪನವರು ಕೈ ಚೆಲ್ಲಿದರು: "ಕೇಸ್ ನರ್ಸಬಾಯಿ ಹೆಸರಿಗೆ ಹೋಗೇತಿ. ನಾ ಶಿಫಾರಸಿನ್ಯಾಗ ಏನ ಬರಿಯಲಿ ಹೇಳ್ರಿ."

ಅವಳ ಸಿಟ್ಟಿಗೆ ಸಿಕ್ಕಿದವಳು ಸತ್ತೆವ್ವ ಒಬ್ಬಳೇ. ಶಾಲೆ ಬಿಟ್ಟೊಡನೆ ಮಡ್ಡಿ ಏರಿದಳು. ಸತ್ತೆವ್ವ ಕೌದಿಯ ಮೇಲೆ ಮಲಗಿದ್ದವಳು ಇವಳನ್ನು ನೋಡಿ ಎದ್ದು ಕೂತಳು. ದುಂಡವ್ವ ನೀರಿಗೆ ಹೋಗಿದ್ದಳು.

"ನನ್ನ ಹೆಸರ ಹೇಳಾಕ ಏನಾಗಿತ್ತ ನಿನಗ?" ಎಂದು ಕಮಲಾಬಾಯಿ ನಿಂತಲ್ಲಿಂದಲೇ ಕೇಳಿದಳು. "ಒಂದ ಮಾತು. ಅಕ್ಕೋರು ಕರಕೊಂಡ ಬಂದ್ರು ಅಂದಿದ್ರ ನಿನ್ನ ಗಂಟ ಏನ ಹೋಗತಿತ್ತು? ನಿನ್ನ ಸಲುವಾಗಿ ನಾ ಎಷ್ಟ ಹತ್ತಿ ಇಳದೆ!"

"ನನ್ನ ಸಲುವಾಗೇನ್ರಿ?" ಎಂದಳು ಸತ್ತೆವ್ವ. ಅದರಲ್ಲಿ ಚುಚ್ಚು ಇರಲಿಲ್ಲ, ನಿಜವಾಗಿಯೂ ಕೇಳಿದಳು. "ಅಂವ ಕೇಳಿದಾಗ ಖರೇನ ನನಗ ಅನಸಿದ್ದ ಹೇಳಿದೆ. ನಿಮ್ಮ ಹೆಸರ ಹೇಳಿದ್ರ ನಿಮಗ ಚಲೋ ಆಗ್ತಿತ್ತು ಅನ್ನೂದ ನನಗ ಗೊತ್ತಿರಲಿಲ್ರಿ. ನೀವ ಒಮ್ಮೆನೂ ಹೇಳಿದಿಲ್ಲ."

ಅದು ಹೌದು. ಬದಲಿಯ ಮಾತನ್ನು ಕಮಲಾಬಾಯಿ ಮಡ್ಡಿಯ ಮೇಲೆ ಯಾರಿಗೂ ಹೇಳಿರಲಿಲ್ಲ. ಪಟ ಬಿಚ್ಚಿ ತೋರಿಸಿದ್ದಳು ಅಷ್ಟೆ.

"ಹಂಗಾರ ನೀ ಯಾಕ ಮಾಡಿಸ್ಕೊಂಡಿ?" ಎಂದಳು ಕೂತುಕೊಂಡು. "ನನ್ನ ಮಾತ ಕೇಳಿ ಅಲ್ಲ. ಮಕ್ಕಳ ಸಲುವಾಗಿನೂ ಅಲ್ಲೇನು?"

ಸತ್ತೆವ್ವ ಬಾಗಿಲ ಕಡೆ ಒಮ್ಮೆ ನೋಡಿದಳು. "ನಗಬ್ಯಾಡ್ರಿ. ನನಗ ಹಿಂಡಿನ ಹಿಂದ ಹೋಗೂದು ಬೇಕಾಗಿತ್ರಿ. ಲಗ್ನ ಆದ ವರ್ಷ ಒಮ್ಮೆ ಹೋಗಿದ್ದೆ. ಅಂಕಲಿ ತನಕಾ, ಹೊಳಿ ದಾಟಿ ಆಚಿಗೂ. ದಿನಾ ಬ್ಯಾರೆ ಹೊಲ. ಕುರಿ ಮುಂದ, ಕುದರಿ ಮ್ಯಾಲ ಗಂಟು, ನಾ ಹಿಂದ. ಅಲ್ಲಿ ಅತ್ತಿ ಇಲ್ಲ, ಈ ಬಾವಿ ಇಲ್ಲ. ಆಮ್ಯಾಲ ಪ್ರತಿ ದೀಪಾವಳಿಗೂ ನಾ ಬಸರ ಇಲ್ಲಾ ಬಾಣಂತಿ. ನನ್ನ ಬಿಟ್ಟ ಮೈದುನನ ಹೆಂಡ್ತಿನ್ನ, ನಮ್ಮ ನೆಗೆಣ್ಣಿನ್ನ ಕರಕೊಂಡ ಹೋಗ್ತಾರ. ಹತ್ತ ವರ್ಷ ಆತು, ಈ ಕಲ್ಲ ನೋಡ್ಕೋತ ಕುಂತು."

ಕಮಲಾಬಾಯಿಗೆ ನಗು ಬರಲಿಲ್ಲ. ಸಿಟ್ಟೂ ಹೋಗಲಿಲ್ಲ. ಕೇಸು ತನ್ನ ಹೆಸರಿಗೆ ಬಿದ್ದಿದ್ದರೆ ಚಿಕ್ಕೋಡಿಗೆ ಬದಲಿ ಸಿಗುತ್ತಿತ್ತು ಎಂದು ಆಗ ಹೇಳಿದಳು.

"ನಿಮಗ ಚಿಕ್ಕೋಡಿಗೆ ಯಾಕ ಹೋಗಬೇಕಾಗೈತ್ರಿ?" ಎಂದಳು ಸತ್ತೆವ್ವ.

"ಗಂಡನ ಮನಿ ಅಲ್ಲೈತಿ. ಇನ್ನ ಯಾಕ?"

"ಅವರಿಗೂ ಸರಕಾರದ್ದ ನೌಕರಿ ಅಂತ ಹುಡುಗಿ ಹೇಳಿದ್ಲು. ಅವರ ಈ ಕಡೆ ಬರಾಕ ಬರಾಂಗಿಲ್ಲೇನ್ರಿ?"

ಆ ಶನಿವಾರ ಬಸ್ಸಿನಲ್ಲಿ ಕೂತು ಕಮಲಾಬಾಯಿ ಅದನ್ನೇ ಯೋಚಿಸಿದಳು. ರಾಯಬಾಗದಲ್ಲೂ ತಹಶೀಲ್ದಾರ ಕಚೇರಿ ಇತ್ತು. ಮದುವೆಯಾದಾಗಿನಿಂದ ಅರ್ಜಿ ಹಾಕಿದವಳು ಅವಳು, ಧರೆಪ್ಪನವರ ಮುಂದೆ ಕೈ ಮುಗಿದವಳು ಅವಳು, ಮಡ್ಡಿ ಹತ್ತಿದವಳು ಅವಳು. ಇದನ್ನು ಯಾರೂ ಅವಳ ಮೇಲೆ ಹೇರಿರಲಿಲ್ಲ. ಹಾಗೇ ನಡೆದುಕೊಂಡು ಬಂದಿತ್ತು.

ಊಟದ ಹೊತ್ತಿಗೆ ಕೇಳಿದಳು. "ರೀ, ನೀವ ರಾಯಬಾಗಕ್ಕ ಬದಲಿ ಯಾಕ ಕೇಳಬಾರದು?"

ಮುರಗೆಪ್ಪ ರೊಟ್ಟಿ ಮುರಿಯುತ್ತಿದ್ದವನು ತಲೆ ಎತ್ತಿದ. "ಅಲ್ಲಿ ನೀರ ಬರೋಬರಿ ಇಲ್ಲ."

"ನಾ ಅದ ನೀರ ಕುಡ್ಯಾಕತ್ತೀನಲ್ಲ?"

"ಅವ್ವಗ ಹೊಸಾ ಊರ ಒಗ್ಗಾಂಗಿಲ್ಲ."

"ಅವ್ವನ್ನ ಕೇಳೀರಿ?"

"ಇಲ್ಲಿ ಸಾಹೇಬರು ನನ್ನ ಬಿಡಾಂಗಿಲ್ಲ."

"ಸಾಹೇಬರನ್ನ ಕೇಳೀರಿ?"

ಒಂದನ್ನು ಬಿಡಿಸಿದರೆ ಇನ್ನೊಂದು. ಇದನ್ನೆಲ್ಲ ತಾನು ಉಣ್ಣೆ ನೂಲುವ ಕಟ್ಟೆಯ ಮೇಲೆ ಕೂತು ಕೇಳಿದ್ದೇನೆ ಅನ್ನಿಸಿತು ಕಮಲಾಬಾಯಿಗೆ. ಅವಳು ಬಿಡಲಿಲ್ಲ. ಕೊನೆಗೆ ಮುರಗೆಪ್ಪ ತಾಟು ಸರಿಸಿ ಅಂದ: "ಹೆಂಡ್ತಿ ನೌಕರಿ ಹಿಂದ ಹ್ವಾದ ಅಂತಾರ ಮಂದಿ. ನನಗ ಅದ ಬ್ಯಾಡ."

ಆರು ವರ್ಷದಲ್ಲಿ ಅವನು ಹೇಳಿದ ಮೊದಲ ನಿಜವಾದ ಕಾರಣ ಅದು. ಕಮಲಾಬಾಯಿ ತಾಟು ಎತ್ತಿದಳು. "ಆತು. ಮುಂದಿನ ಶನಿವಾರ ನಾ ಬರಾಂಗಿಲ್ಲ. ನೀವ ಬರ್ರಿ."

ಅವನು ಬರಲಿಲ್ಲ. ಅದರ ಮುಂದಿನ ಶನಿವಾರವೂ ಬರಲಿಲ್ಲ. ಕಮಲಾಬಾಯಿ ವಾಡೆಯ ಖೋಲಿ ಬಿಟ್ಟು, ಬೇರೆಲ್ಲೂ ಸಿಗದೆ, ಭೀಮಾಬಾಯಿಯ ಕ್ವಾರ್ಟರ್ಸಿನ ಮುಂದಿನ ಕೋಣೆಗೆ ಗಂಟು ಸಾಗಿಸಿದಳು. ಕೇಸು ಕಸಿದವಳ ಮನೆಯಲ್ಲೇ ಇರಬೇಕಾಯಿತಲ್ಲ ಎಂದು ಮೊದಲ ವಾರ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಇಬ್ಬರೂ ಒಂದೇ ಸ್ಟೋವಿನ ಮೇಲೆ ಅಡಿಗೆ ಮಾಡತೊಡಗಿದರು. ಯುಗಾದಿಯ ಮುಂದೆ ಒಂದು ಶನಿವಾರ ಮುರಗೆಪ್ಪ ಉಪ್ಪಿನಕಾಯಿಯ ಭರಣಿ ಹಿಡಿದುಕೊಂಡು ಬಿಸಿಲಿಗೆ ಮುಖ ಗಂಟು ಹಾಕಿಕೊಂಡು ಬಂದ. ಯಾಕೆ ಬಂದಿರಿ ಎಂದು ಅವಳು ಕೇಳಲಿಲ್ಲ, ಅವನೇ ಹೇಳಿದ: "ಓಣ್ಯಾಗ ಮಂದಿ ಕೇಳಾಕತ್ತಾರ, ಹೆಂಡ್ತಿ ಯಾಕ ಬರವಲ್ಲಳು ಅಂತ. ಅವ್ವ ನನ್ನ ಮನ್ಯಾಗ ಕುಂಡ್ರಗೊಡವಲ್ಲಳು." ಮಂದಿ ಏನಂತಾರೋ ಎಂದು ಬರದೆ ಇದ್ದವನು ಮಂದಿ ಏನಂತಾರೋ ಎಂದೇ ಬಂದಿದ್ದ. ನೋಡಬೇಕು ಅನ್ನಿಸಿತು ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಅದನ್ನು ಹೇಳಲಿಲ್ಲ. ಅವಳ ಬದಲಿಯ ಅರ್ಜಿ ಆ ವರ್ಷ ಎಲ್ಲೂ ಹೋಗಲಿಲ್ಲ, ಅವನು ಅರ್ಜಿಯನ್ನೇ ಹಾಕಲಿಲ್ಲ.

ಸಕ್ಕುಬಾಯಿ ಮಳೆಗಾಲದಲ್ಲಿ ಐನಾಪುರದಿಂದ ತಿರುಗಿ ಬಂದಳು. ಗೌರಾಬಾಯಿ ತಾನೇ ಹೋಗಿ ಕರೆತಂದಳಂತೆ. ದಾರಿಯಲ್ಲಿ ಎದುರಾದರೆ ಅತ್ತೆ ಸೊಸೆ ಇಬ್ಬರೂ ಕಮಲಾಬಾಯಿಯನ್ನು ನೋಡದ ಹಾಗೆ ದಾಟಿ ಹೋಗುತ್ತಿದ್ದರು. ಒಂದೆರಡು ಸಲ ಅವಳು ನಿಂತು ಮಾತಾಡಲು ನೋಡಿದಳು. ಆಮೇಲೆ ಬಿಟ್ಟಳು.

ದೀಪಾವಳಿ ಆದ ಮರುದಿನ ಮುಂಜಾನೆ ಹಿಂಡು ಹೊರಟಿತು ಎಂದು ಹುಡುಗರು ಹೇಳಿದಾಗ ಕಮಲಾಬಾಯಿ ಮಡ್ಡಿಯ ದಾರಿಯ ತನಕ ಹೋದಳು. ಸತ್ತೆವ್ವ ಕುದುರೆಯ ಬೆನ್ನ ಮೇಲೆ ಗಂಟು ಬಿಗಿಯುತ್ತಿದ್ದಳು. ಸಣ್ಣ ಕೂಸನ್ನು ಆಗಲೇ ಮೇಲೆ ಕೂರಿಸಿಯಾಗಿತ್ತು. ದೊಡ್ಡವು ದುಂಡವ್ವನ ಹತ್ತಿರ ಉಳಿಯುವವು.

"ಅಂತೂ ಹೊಂಟಿ," ಎಂದಳು ಕಮಲಾಬಾಯಿ. "ಗಂಡಗ ಹೇಳಿದೇನು, ನಿನಗ ಹೋಗಬೇಕಂತ ಇತ್ತು ಅಂತ?"

"ಇಲ್ರಿ. ನೆಗೆಣ್ಣಿ ಈಗ ಬಸರ. ರೊಟ್ಟಿ ಬಡಿಯಾಕ ಒಬ್ಬಾಕಿ ಬೇಕು, ನೀನ ನಡಿ ಅಂದ್ರು."

"ಅಷ್ಟಕ್ಕ ಕರಕೊಂಡ ಹೊಂಟಾರ? ಅಷ್ಟೆಲ್ಲಾ ಮಾಡಿಸ್ಕೊಂಡದ್ದು?" ಕಮಲಾಬಾಯಿಗೆ ತನ್ನದೇ ಅನ್ನುವ ಹಾಗೆ ಸಿಟ್ಟು ಬಂತು. "ನೀ ಒಂದ ಮಾತರೆ ಹೇಳಬಾರದೇನಬೇ?"

"ಹೇಳಿದ್ರ ಏನ ಮಜಾ ಮಾಡಾಕ ಹೊಂಟಿ ಅಂತಾರ್ರಿ. ರೊಟ್ಟಿಗೆ ಅಂತನ ತಿಳ್ಕೊಳ್ಲಿ." ಸತ್ತೆವ್ವ ಹಗ್ಗವನ್ನು ಹಲ್ಲಿನಿಂದ ಎಳೆದು ಬಿಗಿದಳು. "ಹಿಂದಿನ ಕುರಿ ದಾರಿ ಬಿಡ್ತಾವ, ಬರ್ತೀನ್ರಿ."

ಅವಳು ಕುದುರೆಯ ಹಗ್ಗ ಹಿಡಿದು, ನಾಲಿಗೆಯಲ್ಲಿ ಸದ್ದು ಮಾಡುತ್ತ ಇಳಿದು ಹೋದಳು. ಧೂಳು ಅಡಗುವ ತನಕ ನಿಂತಿದ್ದು ಕಮಲಾಬಾಯಿ ಶಾಲೆಗೆ ಬಂದಳು. ಸತ್ತೆವ್ವನ ದೊಡ್ಡ ಹುಡುಗಿ ಅವತ್ತು ಬರಲಿಲ್ಲ. ಮರುದಿನವೂ ಬರಲಿಲ್ಲ. ತಾಯಿ ಇಲ್ಲದ ಮನೆಯಲ್ಲಿ ನೀರು ತರುವವರು ಬೇಕಲ್ಲ ಎಂದು ದುಂಡವ್ವ ಬಿಡಿಸಿದ್ದಳು. ಮೂರನೆಯ ದಿನ ಶಾಲೆ ಬಿಟ್ಟ ಮೇಲೆ ಕಮಲಾಬಾಯಿ ಚಪ್ಪಲಿ ಮೆಟ್ಟಿಕೊಂಡು, ಈ ಸಲ ಮುದುಕಿಗೆ ಏನು ಹೇಳಿದರೆ ನಾಟೀತು ಎಂದು ಹಲ್ಲು ಕಚ್ಚಿ ಯೋಚಿಸುತ್ತ, ಮಡ್ಡಿ ಏರತೊಡಗಿದಳು.